ರವದಿ ಮುಚ್ಚಿದ ಮೂಲೆ

ಮಣ್ಣಿನ ಮಾದರಿ ಒಯ್ಯಲು ಬಂದಿದ್ದ ಮನಾಲಿಯ ಚೀಲಕ್ಕೆ ಚಂಪಾಬಾಯಿ ಎರಡು ಬೊಗಸೆ ಕರಿಮಣ್ಣು ಸುರಿದೇಬಿಟ್ಟಳು. ತಿಪ್ಪೆಯ ಪಕ್ಕದ್ದು, ಹರಳು ಆರಿಸಿ ಹಿಟ್ಟಿನ ಜರಡಿಯಲ್ಲಿ ಸೋಸಿದ್ದು. “ಪರದೇಶದ ಲ್ಯಾಬಿಗೂ ಹೊಂಟೈತಿ ಅಂತೀ, ನಮ್ಮೂರು ದಾನೋಳಿ ಮಾನ ಉಳೀಬೇಕಲ್ಲ!”

“ಆಯಿ, ಎಲ್ಲಾ ದೇಶದಾಗೂ ಒಂದ ಪದ್ಧತಿ. ನಕಾಶೆದಾಗ ಗುರುತು ಬಿದ್ದಲ್ಲೇ ಅಗೀಬೇಕು, ನಾಕ ವರ್ಷಕ್ಕ ಮತ್ತ ಅಲ್ಲೇ. ಎಲ್ಲಾರೂ ಚಲೋದ್ನ ಆರಿಸಿ ಕೊಟ್ರ ಕೆಟ್ಟದ್ದು ಹೆಂಗ ಗೊತ್ತಾಗಬೇಕು?” ಎನ್ನುತ್ತ ಮನಾಲಿ ಚೀಲ ಬರಿದು ಮಾಡಿದಳು.

ಗುರುತು ಬಿದ್ದದ್ದು ಹೊಲದಲ್ಲಿ ಉಪ್ಪು ಬೆಳ್ಳಗೆ ಎದ್ದ ಮೂಲೆಯ ಮೇಲೆ. ಬೀಗರು ಬಂದರೆ ಚಂಪಾಬಾಯಿ ಕಬ್ಬಿನ ಒಣಗರಿಯ ರವದಿ ಹರಡಿ ಮುಚ್ಚುವ ಮೂಲೆ, ಇವತ್ತೂ ಮುಚ್ಚಿದ್ದಳು.

ಚಂಪಾಬಾಯಿ ಸೆರಗು ಸಿಕ್ಕಿಸಿ, ರವದಿಯನ್ನು ಕಾಲಿಂದ ಸರಿಸಿ, ತಾನೇ ಸಲಿಕೆ ಊರಿದಳು. “ನಾಕ ವರ್ಷಕ್ಕ ಮತ್ತ ಬಂದು ಇಲ್ಲೇ ಅಗೀತಿ, ಹೌದಿಲ್ಲ ತಂಗಿ? ಬಾ. ಆಗ ನೋಡಂತಿ ನನ್ನ ಮಣ್ಣು!”