ಕೊಟ್ಟ ಊರು

ಹುರಿದ ಹುಣಸೆಬೀಜದ ವಾಸನೆ ಬಂದರೆ ಈಗಲೂ ಚೌಳಹಿರಿಯೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಬೇಸಿಗೆ ರಜೆಯಲ್ಲಿ ನಮ್ಮ ನಾಲಿಗೆ ಚುರುಕಾಗಲೆಂದು ಅಜ್ಜಿ ಒಗಟು ಹೇಳುತ್ತಿದ್ದಳು. ಸೋತವರು ಒಂದು ಊರಿನ ಹೆಸರು ಹೇಳಿ ಅದನ್ನು ಅವಳಿಗೆ ಕೊಟ್ಟುಬಿಡಬೇಕಿತ್ತು; ಆಮೇಲೇ ಉತ್ತರ.

"ಕೈಯಿಲ್ಲ, ಕದ ತಟ್ಟುತ್ತೆ. ಕಾಲಿಲ್ಲ, ಒಳಗ್ ಬರುತ್ತೆ. ಏನೋ ಅದು?"

ನನಗೆ ಹೊಳೆಯಲಿಲ್ಲ. "ಶಿವನಿ ಕೊಟ್ಟೆ, ತಗೋ" ಎಂದೆ.

ಬೀಜ ಸುಲಿಯುತ್ತಿದ್ದ ಅವಳ ಕೈ ನಿಂತಿತು. "ಲೇ, ನಿಮ್ಮವ್ವ ಹೆರಿಗೆಗೆ ಹೋಗಿರೋ ಊರು ಕಣೋ! ನಮ್ಮೋರಿರೋ ಊರು ಕೊಡಬಾರ್ದು. ಬೇರೆ ಹೇಳು."

"ಕೊಟ್ಟಿದ್ದು ಕೊಟ್ಟಂಗೆ" ಎಂದು ಅಕ್ಕ ನಕ್ಕಳು.

ಅಷ್ಟರಲ್ಲಿ ಕದ ಬಡಿಯಿತು. "ಗಾಳಿ!" ಎಂದು ಕೂಗಿದೆ. ಬಾಗಿಲಲ್ಲಿ ಶಿವನಿಯಿಂದ ಬಂದ ನಮ್ಮ ಸೋದರಮಾವ ಬರಿಗಾಲಲ್ಲಿ ನಿಂತಿದ್ದರು.

ಅವ್ವ ಮತ್ತೆ ಬರಲಿಲ್ಲ. ಮಾವ ಬಂದದ್ದು ಅಂದೋ ಮರುದಿನವೋ, ನನಗೆ ಖಚಿತವಿಲ್ಲ. ಅಂಥ ಆಟವೇ ಆಡಿಲ್ಲ ಎನ್ನುತ್ತಾಳೆ ಅಕ್ಕ. ಆದರೂ ಈಗ ನನ್ನ ಮಗಳ ಒಗಟಿಗೆ ಸೋತಾಗ, ನಮ್ಮವರು ಯಾರೂ ಇಲ್ಲದ ಊರನ್ನೇ ಹುಡುಕಿ ಕೊಡುತ್ತೇನೆ.