ಬಲಗಡೆಯ ಹಿಂದಿನ ಚಕ್ರ

ಆ ಮುದುಕ ಇವತ್ತೂ ತಿರುವಿನಲ್ಲಿ ಕುಕ್ಕರಗಾಲಲ್ಲಿ ಕೂತು, ಈಗಷ್ಟೇ ಹಾದುಹೋದ ಕಾರಿನ ಚಕ್ರದ ಗುರುತು ನೋಡುತ್ತಿದ್ದ. ಇದು ನಾಲ್ಕನೇ ದಿನ.

ರೇಣುಕಾಪ್ರಸಾದ್ ಮೊಬೈಲಿನಲ್ಲಿ ಅವನ ಫೋಟೊ ತೆಗೆದ. ಎದುರಾಳಿ ಟಯರ್ ಕಂಪನಿಯ ಬೇಹುಗಾರನೇ ಇರಬೇಕು. ಹನಗೋಡಿನ ಆಚೆ, ಹೊಗೆಸೊಪ್ಪಿನ ಹೊಲಗಳ ನಡುವಿನ ಈ ಕೆಮ್ಮಣ್ಣಿನ ರಸ್ತೆಗೆ ಬೇಹುಗಾರನನ್ನು ಕಳಿಸುವಷ್ಟು ತನ್ನ ಟಯರು ದೊಡ್ಡದೇ ಎಂಬ ಪ್ರಶ್ನೆ ಅವನಿಗೂ ಬಂತು. ದೊಡ್ಡದಾಗಿರಲಿ ಎಂದು ಆಸೆಪಟ್ಟ. ಹನ್ನೊಂದು ವರ್ಷ ಟಯರ್ ಎಂಜಿನಿಯರ್ ಆಗಿದ್ದರೂ ಅವನ ಕೆಲಸ ಕದಿಯಲು ಇದುವರೆಗೆ ಯಾರೂ ಬಂದಿರಲಿಲ್ಲ.

ಶನಿವಾರ ಎಚ್.ಡಿ. ಕೋಟೆಯಲ್ಲಿ ರಾಷ್ಟ್ರೀಯ ಕಾರ್ ರ‍್ಯಾಲಿ. ಈ ಹೊಸ ಟಯರು ಅಲ್ಲಿ ಗೆದ್ದರೆ ಮುಂದಿನ ಮೂರು ವರ್ಷ ಕಾರಿನ ತಂಡಕ್ಕೆ ಟಯರು ಪೂರೈಸುವುದು ಅವನ ಕಂಪನಿಯೇ. ಓಡಿಸುವವಳು ನಂದಿತಾ. ಕೆ.ಆರ್. ನಗರದವಳು, ಅಪ್ಪನ ಜೀಪಿನಲ್ಲಿ ಕಾಲುವೆ ಏರಿಯ ಮೇಲೆ ಡ್ರೈವಿಂಗ್ ಕಲಿತವಳು. ಇವತ್ತು ಮಧ್ಯಾಹ್ನ ಕೊನೆಯ ಪರೀಕ್ಷೆ, ಹದಿನೆಂಟು ಕಿಲೋಮೀಟರ್, ಪೂರ್ತಿ ವೇಗದಲ್ಲಿ.

ರೇಣುಕಾಪ್ರಸಾದ್ ಮುದುಕನ ಬಳಿ ಹೋದ. ಹೆಸರು ಈರ, ಕಾಡಂಚಿನ ಬುಡಕಟ್ಟಿನವರ ಹಾಡಿಯವನು.

“ಇಲ್ಲೇನು ನೋಡ್ತಿದ್ದೀರಿ?”

“ಬಲಗಡೆ ಹಿಂದ್ಲು ಚಕ್ರ ಸರಿ ಇಲ್ಲ ಕಣ್ ಸಾಮಿ. ಮಾರಿಗೊಂದು ಸಲ ಅಂಚು ಕಚ್ತಾ ಅದೆ.”

ಮಣ್ಣಿನಲ್ಲಿ ಅವನು ಬೆರಳಿಟ್ಟು ತೋರಿಸಿದ. ರೇಣುಕಾಪ್ರಸಾದನಿಗೆ ಮಣ್ಣು ಕಂಡಿತು.

ಲ್ಯಾಪ್‌ಟಾಪ್ ನೋಡಿದ. ಗಾಳಿಯ ಒತ್ತಡ ಸರಿ. ಶಾಖ ಸರಿ. ಏಳು ಬಣ್ಣದ ಗೆರೆಗಳೂ ಇರಬೇಕಾದಲ್ಲೇ ಇದ್ದವು. ಕಾರಿನೊಳಗೆ ನಂದಿತಾ ಹೆಲ್ಮೆಟ್ ಹಾಕಿಕೊಂಡು ಹೆಬ್ಬೆರಳು ಎತ್ತಿದಳು. ಎಂಜಿನ್ ಗುಡುಗಿತು.

ಆಮೇಲೆ ತಾನು ಯಾಕೆ ಓಡಿದೆ ಎಂದು ಅವನಿಗೆ ಹೇಳಲಾಗಲಿಲ್ಲ. ಲ್ಯಾಪ್‌ಟಾಪ್ ಎದೆಗವಚಿಕೊಂಡು, ಒಂದು ಶೂ ಕೆಸರಿನಲ್ಲೇ ಬಿಟ್ಟು, ಕಾರಿನ ಮುಂದೆ ಹೋಗಿ ನಿಂತ.

“ಏನ್ರೀ, ಸಾಯೋಕ್ ಬಂದ್ರಾ?” ಎಂದಳು ನಂದಿತಾ.

“ಚಕ್ರ ಬಿಚ್ಚಬೇಕು.”

“ನಿಮ್ಮ ಕಂಪ್ಯೂಟರ್ ಹೇಳ್ತಾ?”

“ಇಲ್ಲ. ಅದು ಖುಷಿಯಾಗಿದೆ.”

ಬಿಚ್ಚಿದ ಟಯರನ್ನು ಈರ ಬೆರಳ ಗೆಣ್ಣಿನಿಂದ ತಟ್ಟುತ್ತಾ ಸುತ್ತ ಬಂದ. ಒಂದು ಕಡೆ ನಿಂತ. ಮೂಸಿದ. “ಇಲ್ಲಿ ಕುಯ್ಯಿ,” ಎಂದ. ಕುಯ್ದರೆ, ಮೇಲಿನ ರಬ್ಬರು ಒಳಗಿನ ತಂತಿಯ ಪಟ್ಟಿಯಿಂದ ಹೆಬ್ಬೆರಳು ಹೋಗುವಷ್ಟು ಬಿಟ್ಟಿತ್ತು. ಪರೀಕ್ಷೆಯ ದಾರಿಯಲ್ಲಿದ್ದ ಕಾಲುವೆ ಸೇತುವೆಯ ತಿರುವಿನಲ್ಲಿ ಅದು ಪೂರ್ತಿ ಕಿತ್ತುಬರುತ್ತಿತ್ತು. ನಂದಿತಾ ಆ ಸಂದಿಯನ್ನೇ ಬಹಳ ಹೊತ್ತು ನೋಡಿ, ಹೆಲ್ಮೆಟ್ ನೆಲಕ್ಕಿಟ್ಟಳು.

“ನಮ್ಮ ತಾವ ಇಂಥದ್ನ ಆಚೆಗೆ ಬುಡ್ತಿರ್ನಿಲ್ಲ,” ಎಂದ ಈರ.

ರೇಣುಕಾಪ್ರಸಾದನಿಗೆ ಮೈ ಜುಮ್ಮೆಂದಿತು. ಕಾಡು, ಹಾಡಿ, ಅಲ್ಲಿನ ಕಟ್ಟುಪಾಡು ಎಂದುಕೊಂಡ.

“ಎಷ್ಟು ವರ್ಷದಿಂದ ಗುರುತು ನೋಡ್ತಿದ್ದೀರಿ?”

“ಇಪ್ಪತ್ತಾರು ವರ್ಷ ಅದೇ ಕೆಲ್ಸ.”

“ಯಾರು ಕಲಿಸಿದ್ದು?”

“ಒಬ್ರು ಯಜಮಾನ್ರು ಇದ್ರು. ತಪ್ಪಿದ್ರೆ ಕೈ ಮೇಲೇ ಬಾರಿಸೋರು.”

ಉಳಿದ ಇಪ್ಪತ್ಮೂರು ಟಯರುಗಳನ್ನೂ ಈರ ತಟ್ಟಿ ನೋಡಿದ. ಒಂಬತ್ತನ್ನು ಪಕ್ಕಕ್ಕಿಟ್ಟ. ಕುಯ್ದು ನೋಡಿದರೆ ಒಂಬತ್ತೂ ಒಳಗೆ ಬಿಟ್ಟಿದ್ದವು. ರೇಣುಕಾಪ್ರಸಾದ್ ಕಂಪನಿಗೆ ಫೋನ್ ಮಾಡಿ, ಟಯರು ವಾಪಸ್ಸು ತೆಗೆದುಕೊಳ್ಳುತ್ತಿದ್ದೇನೆ, ರ‍್ಯಾಲಿಗೆ ಕೊಡುವುದಿಲ್ಲ ಎಂದ. ಅತ್ತ ಕಡೆಯಿಂದ ಬಂದ ಮಾತುಗಳಿಗೆಲ್ಲ “ಹೌದು ಸರ್” ಎನ್ನುತ್ತ ಬಂದ. ಕತ್ತೆ ಎಂಬ ಮಾತಿಗೂ ಹಾಗೇ ಎಂದ. ಅದೊಂದಕ್ಕೆ ಅವನ ತಕರಾರೂ ಇರಲಿಲ್ಲ.

ಶನಿವಾರ ನಂದಿತಾ ಎದುರಾಳಿ ಕಂಪನಿಯ ಟಯರಿನಲ್ಲಿ ಓಡಿಸಿ ಎರಡನೆಯವಳಾದಳು. ಜನರ ನಡುವೆ ನಿಂತು ರೇಣುಕಾಪ್ರಸಾದ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಭಾನುವಾರ ಇಡೀ ದಿನ ಕೂತು ವರದಿ ಬರೆದ. ಹನ್ನೆರಡು ಪುಟ. ತಾನು ಹೇಗೆ ಪೆದ್ದನಾದೆ ಎಂಬುದನ್ನು ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡ. ಯಂತ್ರಕ್ಕೆ ಕಾಣದ್ದು ಕಾಡಿನ ಮಗನಿಗೆ ಕಂಡಿತು ಎಂದ. ಆನೆ ಹುಲಿಗಳ ಹೆಜ್ಜೆ ಓದುತ್ತ ಬಂದ ಶತಮಾನಗಳ ವಿದ್ಯೆ, ರಕ್ತದಲ್ಲೇ ಹರಿಯುವ ಜ್ಞಾನ ಎಂದ. ಬರೆಯುವಾಗ ಅವನ ಕಣ್ಣು ತುಂಬಿತ್ತು.

ಸೋಮವಾರ ಬೆಳಿಗ್ಗೆ ಹಾಡಿಗೆ ಹೋಗಿ, ಜಗುಲಿಯ ಮೇಲೆ ಕೂತು, ಈರನಿಗೆ ಅದನ್ನು ಓದಿ ಹೇಳಿದ. ಈರ ಬೀಡಿ ಆರಿಹೋದದ್ದೂ ಗೊತ್ತಾಗದೆ ಕೇಳಿದ.

“ಚೆಂದಾಗಿ ಬರ್ದಿದ್ದೀರಿ ಸಾಮಿ. ಆದ್ರೆ ನಂಗೆ ಆನೆ ಹೆಜ್ಜೆ ಯಾವ್ದು, ಎಮ್ಮೆ ಹೆಜ್ಜೆ ಯಾವ್ದು ಗೊತ್ತಾಗಾಕಿಲ್ಲ,” ಎಂದು ಅವನು ಸಂಕೋಚದಿಂದ ಕೆಮ್ಮಿದ. “ನಾನು ಮೈಸೂರಲ್ಲಿ ಟಯರ್ ಫ್ಯಾಕ್ಟ್ರೀಲಿ ಫೈನಲ್ ಚೆಕಿಂಗ್‌ನಲ್ಲಿದ್ದೆ, ಹೊಸ ಎಂಜಿನಿಯರ್‌ಗಳು ಬಂದ್ರೆ ಮೊದ್ಲು ನನ್ನ ತಾವೇ ಕಳಿಸೋರು.”