ಟೇಪಿನ ಮೇಲಿನ ಸಹಿ

ಗಂಡ ಹೆಂಡತಿ ಇಬ್ಬರೂ ಕಾಲೇಜು ಉಪನ್ಯಾಸಕರು. ಎಂಡಿಎಂಎ ಎಂಬ ಅಮಲಿನ ಮಾತ್ರೆ ಪದೇ ಪದೇ ನುಂಗಿದರೆ ಮೆದುಳಿಗೆ, ನೆನಪಿಗೆ ಪೆಟ್ಟು ಎಂದು ಓದಿ, ಮೂರು ತಿಂಗಳಿಗೊಮ್ಮೆ ಮಾತ್ರ ಎಂದು ನಿಯಮ ಮಾಡಿಕೊಂಡಿದ್ದರು. ಡಬ್ಬಿಗೆ ಪ್ರಶ್ನೆಪತ್ರಿಕೆಯ ಬಂಡಲಿನ ಹಾಗೆ ಕಾಗದದ ಟೇಪು ಸುತ್ತಿ, ಅದರ ಮೇಲೆ ಅವನು ಸಹಿ, ತಾರೀಕು ಹಾಕುತ್ತಿದ್ದ. ಡಬ್ಬಿ ಅವಳ ಬೀರುವಿನಲ್ಲಿರುತ್ತಿತ್ತು.

ಹತ್ತು ದಿನ ಪರವೂರಿನಲ್ಲಿ ಮೌಲ್ಯಮಾಪನ ಮುಗಿಸಿ ಅವಳು ಬೆಳಿಗ್ಗೆಯಷ್ಟೇ ಬಂದಿದ್ದಳು. ಅವನು ಬ್ಲೇಡಿನಿಂದ ಟೇಪು ಕೊಯ್ದು ಮುಚ್ಚಳ ತೆಗೆದ.

"ಎಂಟು ಇರಬೇಕಿತ್ತು. ಮೂರೇ ಇವೆ."

"ನಾನು ಜನವರಿಯಿಂದ ಮುಟ್ಟಿಲ್ಲ."

"ಬೀರು ನಿನ್ನದು."

"ಬೀಗದ ಕೈ ಗಡಿಯಾರದ ಹಿಂದೆ ಇರೋದು ನಿನಗೂ ಗೊತ್ತು."

"ಹೋಗೋ ಮುಂಚೆ ತಿಂದು, ನನ್ನ ಸಹಿ ನಕಲು ಮಾಡಿದ್ದೀಯ. ಹದಿನೈದು ವರ್ಷದಿಂದ ಪರೀಕ್ಷಾ ಕೊಠಡೀಲಿ ಕಾಪಿ ಹಿಡೀತಿದ್ದೀನಿ, ನನ್ನ ಹತ್ರಾನೇ ಆಟನಾ?"

ಅವಳು ಕೊಯ್ದ ಟೇಪನ್ನು ಕೈಗೆತ್ತಿಕೊಂಡಳು. ಅದು ರಟ್ಟಿನಷ್ಟು ದಪ್ಪವಿತ್ತು. ಉಗುರಿನಿಂದ ಒಂದೊಂದೇ ಪದರ ಬಿಡಿಸಿ ಮೇಜಿನ ಮೇಲೆ ಸಾಲಾಗಿ ಅಂಟಿಸಿದಳು. ಒಟ್ಟು ಆರು. ಎಲ್ಲದರಲ್ಲೂ ಅವನ ಸಹಿ. ಒಂದರ ತಾರೀಕು ಜನವರಿಯದು. ಉಳಿದ ಐದೂ ಅವಳು ಊರಲ್ಲಿಲ್ಲದ ಹತ್ತು ದಿನಗಳವು.

ಅವನು ಕನ್ನಡಕ ಹಾಕಿಕೊಂಡು ಬಗ್ಗಿ, ಕೊನೆಯ ತಾರೀಕನ್ನು ಎರಡು ಸಲ ಓದಿದ.

"ಮೊನ್ನೆ ಶುಕ್ರವಾರ ನಾನೆಲ್ಲಿದ್ದೆ?" ಎಂದು ಅವಳನ್ನೇ ಕೇಳಿದ.